ಬಾಗಿಲ ಪಕ್ಕದ ಆರು ಗಿಡ

ಓವನ್ನಿನ ಬಾಗಿಲು ತೆಗೆದರೆ ಒಳಗೆ ಬ್ರೆಡ್ಡಿಲ್ಲ, ಟೊಮೆಟೊ ಎಲೆ! ಒಂದಲ್ಲ ಎರಡಲ್ಲ, ಮೂರು ತಟ್ಟೆ ತುಂಬ. ಒಂದರಲ್ಲಿ ಎಲೆ, ಇನ್ನೊಂದರಲ್ಲಿ ಕತ್ತರಿಸಿದ ಕಾಂಡ, ಮತ್ತೊಂದರಲ್ಲಿ ಹೋಳು ಮಾಡಿದ ಹಣ್ಣು. ಅಡುಗೆಮನೆಯೆಲ್ಲ ಹಸಿರು ಘಾಟು. ಯಜಮಾನಿಗೆ ಮೈಯೆಲ್ಲ ಉರಿದುಹೋಯಿತು.

"ರೀ, ಇದೇನ್ರೀ ಅವತಾರ?" ಎಂದು ಗಂಡನ ಮೇಲೆ ಹರಿಹಾಯ್ದಳು.

ಗಂಡ ಹಿಟ್ಟು ನಾದುತ್ತಿದ್ದ. ಮೂವತ್ತು ವರ್ಷ ಲಾರಿ ಓಡಿಸಿ, ಬೆನ್ನುನೋವು ಸಂಪಾದಿಸಿಕೊಂಡು ಮನೆ ಸೇರಿದ ಮೇಲೆ ಅಡುಗೆಮನೆ ಅವನ ಪಾಲಿಗೆ ಬಂದಿತ್ತು. ಹೆಂಡತಿ ಪಾಲಿಹೌಸಿನಲ್ಲಿ ಟೊಮೆಟೊ ಬೆಳೆಯುವವಳು. ಅಲ್ಲಿ ಅವಳು ಹೇಳಿದ್ದೇ ಕೊನೆ. ಆಳುಗಳು ಯಜಮಾನಿ ಎಂದು ಕರೆದು ಕರೆದು, ಕೊನೆಗೆ ಗಂಡನೂ ತಮಾಷೆಗೆ ಹಾಗೇ ಕರೆಯತೊಡಗಿ, ಅದೇ ಅವಳ ಹೆಸರಾಗಿಬಿಟ್ಟಿತ್ತು.

"ಅಳಿಯಂದು ಕಣೇ. ನಾಳೆ ಬೆಳಿಗ್ಗೆವರೆಗೂ ಓವನ್ ಬೇಕಂತೆ. ಎಪ್ಪತ್ತು ಡಿಗ್ರಿಗಿಂತ ಜಾಸ್ತಿ ಮಾಡಬೇಡಿ ಮಾವ ಅಂದ."

"ಹಾಗಾದ್ರೆ ಬ್ರೆಡ್ಡು?"

"ಬಾಣಲೀಲಿ ಏನೋ ಒಂದು ಮಾಡ್ತೀನಿ ಬಿಡು. ಒಂದು ದಿನ ತಾನೇ."

"ಒಂದು ದಿನ ಅಲ್ಲ ಮಾವ, ಪ್ರತಿ ಸೋಮವಾರ," ಎಂದು ಬಾಗಿಲಲ್ಲಿ ನಿಂತಿದ್ದ ಅಳಿಯ ಹೇಳಿದ. ಕೈಯಲ್ಲಿ ನೋಟ್‌ಬುಕ್ಕು, ಕಿವಿಯ ಮೇಲೆ ಪೆನ್ಸಿಲ್ಲು. ಕೃಷಿ ಕಾಲೇಜಿನಲ್ಲಿ ಓದಿ, ಅಲ್ಲೇ ಸ್ವಲ್ಪ ಕಾಲ ಕೆಲಸ ಮಾಡಿ, ಕೆಲಸ ಮುಗಿದ ಮೇಲೆ ಹೆಂಡತಿಯ ಮನೆಗೇ ಬಂದು ಉಳಿದವನು. "ವಾರಕ್ಕೆ ಎರಡು ಗಿಡ ಕಿತ್ತು, ಒಣಗಿಸಿ ತೂಕ ಹಾಕಬೇಕು ಅತ್ತೆ. ಅದರಲ್ಲಿ ನೀರೆಷ್ಟು, ಗಟ್ಟಿ ಎಷ್ಟು, ಎಷ್ಟು ಗೊಬ್ಬರ ಹೀರಿಕೊಂಡಿದೆ ಅಂತ ಗೊತ್ತಾಗಬೇಕು. ಇಷ್ಟು ಬಿಸಿಲಿಗೆ ಇಷ್ಟು ಬೆಳೆಯುತ್ತೆ, ಇಷ್ಟು ಕುಡಿಯುತ್ತೆ ಅಂತ ಲೆಕ್ಕ ಕಟ್ಟೋಕೆ ಅದಿಲ್ಲದೆ ಆಗಲ್ಲ."

"ಹಣ್ಣು ಬಿಟ್ಟಿರೋ ಗಿಡಾನ ಬೇರು ಸಮೇತ ಕಿತ್ತುಹಾಕ್ತೀರಾ? ಬೀಜ ಹಾಕಿ, ಸಸಿ ಮಾಡಿ, ದಾರ ಕಟ್ಟಿ ಮೇಲೆ ಹತ್ತಿಸಿದವಳು ಯಾರು ಅಂದ್ಕೊಂಡಿದ್ದೀರಿ?"

"ನೀವೇ. ಅದಕ್ಕೇ ಎರಡೇ ಕಿತ್ತಿದ್ದು."

ಅಯ್ಯೋ, ಆ ತಣ್ಣನೆಯ ಉತ್ತರ! ಅಳಿಯ ಕೂಗಾಡಿದ್ದರೆ ಯಜಮಾನಿಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಜಗಳಕ್ಕೆ ಜಗಳ ಕೊಡದವನ ಜೊತೆ ಬಾಳುವುದು ಹೇಗೆ?

ಇಷ್ಟಕ್ಕೆಲ್ಲ ಕಾರಣ ಪಾಲಿಹೌಸಿನ ಹಿಂದಿನ ಕಾಲುವೆ. ಗಿಡ ಕುಡಿದು ಮಿಕ್ಕ ಗೊಬ್ಬರದ ನೀರು ಇಪ್ಪತ್ತು ವರ್ಷದಿಂದ ಅದಕ್ಕೇ ಹರಿಯುತ್ತಿತ್ತು. ಈ ವರ್ಷ ಕಾಲುವೆ ತುಂಬ ಪಾಚಿ ಕಟ್ಟಿ, ಮೀನು ಸತ್ತು ತೇಲಿ, ಮುಂದಿನ ಬೆಳೆಯಿಂದ ಒಂದು ತೊಟ್ಟೂ ಹೊರಗೆ ಬಿಡಕೂಡದು ಎಂದು ಸರ್ಕಾರದ ನೋಟಿಸು ಬಂದಿತ್ತು. ಅಂದರೆ ಗಿಡಕ್ಕೆ ಬೇಕಾದಷ್ಟೇ ನೀರು, ಬೇಕಾದಷ್ಟೇ ಗೊಬ್ಬರ. ಆ ಬೇಕಾದಷ್ಟು ಎಂದರೆ ಎಷ್ಟು ಎಂಬುದೇ ಈಗ ಜಗಳ.

ಯಜಮಾನಿ ಬೆಳಿಗ್ಗೆ ಆರಕ್ಕೆ ಸಾಲಿನಲ್ಲಿ ನಡೆಯುತ್ತ, ಗಿಡ ನೆಟ್ಟ ನಾರಿನ ಚೀಲಗಳ ಅಂಚಿಗೆ ಎರಡು ಬೆರಳು ಕೊಟ್ಟು ಸ್ವಲ್ಪ ಎತ್ತಿ ನೋಡುವಳು. ಆ ಭಾರದಲ್ಲೇ ಅವಳಿಗೆ ಎಲ್ಲ ತಿಳಿಯುತ್ತಿತ್ತು. ಆಮೇಲೆ ಪಂಪಿನ ಕೋಣೆಯ ಬೀಗ ತೆಗೆದು, ಇವತ್ತು ಹನ್ನೆರಡು ನಿಮಿಷ, ಇವತ್ತು ಎಂಟು ನಿಮಿಷ ಎಂದು ನೀರು ಬಿಡುವಳು. ಬೀಗದ ಕೀ ಅವಳ ಕೊರಳಿನ ದಾರದಲ್ಲಿ. ಸ್ನಾನಕ್ಕೆ ಹೋದರೂ ತೆಗೆದವಳಲ್ಲ.

"ಕೈಗೆ ಗೊತ್ತಾಗುತ್ತೆ ಅಂತೀರಿ," ಎಂದು ಅಳಿಯ ಆ ಸೋಮವಾರ ಮೇಜಿನ ಮೇಲಿದ್ದ ಹಿಟ್ಟಿನ ಉಂಡೆ ತೋರಿಸಿದ. "ಇದೆಷ್ಟಿದೆ ಹೇಳಿ ನೋಡೋಣ."

ಯಜಮಾನಿ ಅಂಗೈ ಮೇಲಿಟ್ಟುಕೊಂಡು, "ಎಂಟುನೂರು. ಐದು ಗ್ರಾಂ ಆ ಕಡೆ ಈ ಕಡೆ," ಅಂದಳು.

ಅಡುಗೆಮನೆಯ ತಕ್ಕಡಿ ಏಳುನೂರ ತೊಂಬತ್ತಾರು ತೋರಿಸಿತು. ಗಂಡ ಹಿಟ್ಟಿನ ಕೈಯಲ್ಲೇ ಚಪ್ಪಾಳೆ ಹೊಡೆದ. ಅಳಿಯನ ಮುಖ ಸಪ್ಪಗಾಯಿತು. ಯಜಮಾನಿಯ ಹೊಟ್ಟೆ ತಣ್ಣಗಾಯಿತು.

"ಸರಿ, ಒಪ್ಪಿದೆ. ಆದ್ರೆ ನಾಳೆ ನೀವು ಮಲಗಿದ್ರೆ ಈ ಕೈನ ಯಾರಿಗೆ ಕೊಡ್ತೀರಿ?"

"ಬಾಯಿಗೆ ಬಂದ ಹಾಗೆ ಮಾತಾಡಬೇಡಿ! ನಾನು ಮಲಗೋದನ್ನೇ ಕಾಯ್ತಿದ್ದೀರಾ?"

ಅಷ್ಟರಲ್ಲಿ ಮಗಳು ಬಂದಳು. ಹಣ್ಣು ವಿಂಗಡಿಸಿ ಪೆಟ್ಟಿಗೆಗೆ ತುಂಬುವ ಶೆಡ್ಡಿನ ಮೇಲ್ವಿಚಾರಕಿ. ಬೆಳಗಿನಿಂದ ನಿಂತು ಕಾಲು ಊದಿಸಿಕೊಂಡು ಬಂದಿದ್ದಳು. "ದಿನಾ ಮನೆಗೆ ಬಂದ್ರೆ ಇದೇ ರಗಳೆ," ಎಂದು ಕೈಚೀಲ ಎಸೆದು ನಡುವೆ ನಿಂತಳು. "ಹದಿನಾರು ಸಾಲಿದೆ. ಬಾಗಿಲ ಕಡೆ ಎಂಟು ಇವರಿಗೆ, ಆ ಕಡೆ ಎಂಟು ನಿನಗೆ. ಆರು ವಾರ. ಕಮ್ಮಿ ನೀರಲ್ಲಿ ಅಷ್ಟೇ ಹಣ್ಣು ಯಾರು ತೆಗೀತಾರೋ ಪಂಪಿನ ಕೀ ಅವರದ್ದು. ಆಮೇಲೆ ಈ ಮನೇಲಿ ನೀರಿನ ಮಾತು ಎತ್ತಬಾರದು."

"ಒಂದು ಕೈ ನೋಡೇ ಬಿಡೋಣ," ಅಂದಳು ಯಜಮಾನಿ, ಕೊರಳ ದಾರ ಮುಟ್ಟಿಕೊಂಡು.

ಅಳಿಯ ಮಾರನೆಯ ದಿನವೇ ಒಂದು ದೊಡ್ಡ ತೂಕದ ಮಣೆ ತಂದ. ಕರೆಂಟಿನ ಪ್ಲಗ್ಗು ಇದ್ದದ್ದು ಬಾಗಿಲ ಪಕ್ಕ ಮಾತ್ರ. ಆದ್ದರಿಂದ ಮೊದಲನೆಯ ಸಾಲಿನ ಮೊದಲ ಎರಡು ಚೀಲ, ಅಂದರೆ ಆರು ಗಿಡ, ಮಣೆಯ ಮೇಲೆ ಕೂತವು. ಗಿಡ ನೀರು ಕುಡಿದು ಆವಿ ಬಿಟ್ಟರೆ ತೂಕ ಇಳಿಯುತ್ತದೆ. ಬಿಸಿಲು ನೋಡಿ, ಗಿಡ ಇಂದು ಎಷ್ಟು ಬೆಳೆದಿರಬೇಕು ಎಂದು ಅವನ ಲೆಕ್ಕ ಹೇಳುತ್ತದೆ. ಇರಬೇಕಾದ ತೂಕಕ್ಕೆ ಬರುವ ತನಕ ಎಂಟೂ ಸಾಲಿಗೆ ನೀರು ಹೋಗುತ್ತದೆ. ಬಂದ ಕೂಡಲೇ ತಾನೇ ನಿಲ್ಲುತ್ತದೆ. ಇಷ್ಟೇ ಅವನ ವಿದ್ಯೆ.

"ಇದರ ಮೇಲೆ ಯಾರೂ ಕೈ ಇಡಬಾರದು, ಒರಗಬಾರದು, ಬೇರೆ ನೀರು ಹಾಕಬಾರದು," ಎಂದು ಅಳಿಯ ಎಲ್ಲರಿಗೂ ಹೇಳಿದ. ಹಣ್ಣು ಕೀಳಬಾರದು ಎಂದು ಹೇಳಲಿಲ್ಲ. ಯಾಕೆ ಹೇಳಬೇಕು? ಕೊಯ್ಲು ವಾರಕ್ಕೆರಡು ಬಾರಿ. ಆ ಆರು ಗಿಡದ ಹಣ್ಣನ್ನು ತಾನೇ ಕಿತ್ತು ತೂಗಿ ಲೆಕ್ಕಕ್ಕೆ ಸೇರಿಸುತ್ತಿದ್ದ.

ಆದರೆ ಆ ಮನೆಯಲ್ಲೊಂದು ರೂಢಿಯಿತ್ತು. ಬಾಗಿಲ ಪಕ್ಕದ ಗಿಡಗಳು ಅಡುಗೆಮನೆಯವು. ಮೊದಲ ವರ್ಷದ ಮೊದಲ ಬೆಳೆಯಿಂದಲೂ ಹಾಗೇ. ಮನೆಗೆ ಬೇಕಾದ ಹಣ್ಣು ಅಲ್ಲಿಂದಲೇ ಬರಬೇಕು, ಮಾರುವ ಸಾಲಿಗೆ ಕೈ ಹಾಕಬಾರದು. ಅದು ಯಾರೂ ಯಾರಿಗೂ ಹೇಳುವ ಮಾತಾಗಿರಲಿಲ್ಲ. ನೀರು ಕುಡಿಯುವ ಲೋಟ ಎಲ್ಲಿದೆ ಎಂದು ಯಾರು ಹೇಳುತ್ತಾರೆ? ಅಳಿಯ ಬಂದು ಒಂದು ವರ್ಷ. ತಟ್ಟೆಗೆ ಬಿದ್ದ ಟೊಮೆಟೊ ಯಾವ ಗಿಡದ್ದು ಎಂದು ಅವನು ಕೇಳಿದವನೂ ಅಲ್ಲ.

ಮೊದಲ ಎರಡು ವಾರ ಅಳಿಯನ ಸಾಲುಗಳು ನಳನಳಿಸಿದವು. ನೀರು ಯಜಮಾನಿಯದಕ್ಕಿಂತ ಐದರಲ್ಲೊಂದು ಪಾಲು ಕಮ್ಮಿ. ಊಟಕ್ಕೆ ಕೂತಾಗ ಮಗಳು ಅದನ್ನೇ ಎತ್ತಿದಳು.

"ನೋಡಿದ್ಯಾ ಅಮ್ಮ? ನಿನ್ನದಕ್ಕಿಂತ ಇವರ ಚೀಲದಿಂದ ಸೋರೋದು ಅರ್ಧಾನೂ ಇಲ್ಲ."

"ನೋಡೋಣ, ನೋಡೋಣ. ಆರು ವಾರ ಅಂದವಳು ನೀನೇ. ಎರಡೇ ವಾರಕ್ಕೆ ಗಂಡನಿಗೆ ಆರತಿ ಎತ್ತಬೇಡ."

"ಉಪ್ಪು ಕೊಡಿ ಅತ್ತೆ," ಅಂದ ಅಳಿಯ.

"ಯಾಕೆ, ಎಷ್ಟು ಗ್ರಾಂ ಬೇಕು ಅಂತ ಲೆಕ್ಕ ಹೇಳಲಿಲ್ವಾ?"

ಗಂಡ ನಕ್ಕು, ಯಾರೂ ನಗದ್ದನ್ನು ನೋಡಿ, ಎಲ್ಲರಿಗೂ ಇನ್ನಷ್ಟು ಸೂಪು ಬಡಿಸಿದ. ಯಜಮಾನಿ ಸೂಪನ್ನು ಅರ್ಧಕ್ಕೇ ಬಿಟ್ಟಳು. ಕೀ ಕೈಬಿಟ್ಟರೆ ತಾನು ಆ ಪಾಲಿಹೌಸಿನಲ್ಲಿ ಯಾರು? ದಾರ ಕಟ್ಟುವ ಹತ್ತು ಆಳುಗಳಲ್ಲಿ ಹನ್ನೊಂದನೆಯವಳು. ಹೆದರಿಕೆಯಾಯಿತು, ನಿಜವಾಗಿ ಹೆದರಿಕೆಯಾಯಿತು.

ಮೂರನೆಯ ವಾರದ ಮೊದಲ ದಿನ, ಹತ್ತೂ ಮುಕ್ಕಾಲರ ಹೊತ್ತಿಗೆ, ಗಂಡ ಎಂದಿನಂತೆ ಬುಟ್ಟಿ ಹಿಡಿದು ಪಾಲಿಹೌಸಿಗೆ ಬಂದ. ಯಜಮಾನಿ ಅಲ್ಲೇ ಬಾಗಿಲ ಬಳಿ ಕತ್ತರಿ ತೊಳೆಯುತ್ತಿದ್ದಳು. ಗಂಡ ಬಾಗಿ ಒಂದು ಹಣ್ಣು ಕಿತ್ತ. ಮಣೆಯ ಕೆಂಪು ಅಂಕಿ ನೂರಿಪ್ಪತ್ತು ಇಳಿಯಿತು. ಇನ್ನೊಂದು ಕಿತ್ತ. ಮತ್ತೆ ಇಳಿಯಿತು. ನಾಲ್ಕು ಹಣ್ಣಿಗೆ ನಾಲ್ಕುನೂರ ಎಂಬತ್ತು ಗ್ರಾಂ.

ಯಜಮಾನಿಯ ಕೈಯಲ್ಲಿ ಕತ್ತರಿ ಹಾಗೇ ನಿಂತಿತು. ಓದು ಬರಹ ಅಷ್ಟಕ್ಕಷ್ಟೇ ಇರಬಹುದು, ಭಾರದ ವಿಷಯದಲ್ಲಿ ಅವಳಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಹಣ್ಣು ಹೋಯಿತು ಎಂದು ಮಣೆಗೆ ಗೊತ್ತಿಲ್ಲ. ತೂಕ ಹೋಯಿತು ಎಂದಷ್ಟೇ ಗೊತ್ತು. ಹೋದ ಹಣ್ಣಿನ ಜಾಗಕ್ಕೆ ಅದು ನೀರು ತುಂಬುತ್ತದೆ. ಇವತ್ತಿಂದು, ನಿನ್ನೆಯದು, ಮೊನ್ನೆಯದು, ಎಲ್ಲ ಸೇರಿಸಿಕೊಂಡು. ಇಷ್ಟು ದಿನ ಆ ಹೆಚ್ಚಿನ ನೀರನ್ನು ಚೀಲವೇ ಹೀರಿಕೊಂಡಿತ್ತು. ಚೀಲ ತುಂಬಿ ಸೋರತೊಡಗಿದರೆ ತೂಕ ಏರುವುದೇ ಇಲ್ಲ. ಏರುವ ತನಕ ನೀರು ನಿಲ್ಲುವುದೂ ಇಲ್ಲ.

ಅವಳು ನೋಡುತ್ತಿದ್ದುದನ್ನು ಗಂಡ ನೋಡಿದ. "ಏನೇ? ಅಳಿಯನ ಮಣೆ ಇದೆಯಲ್ಲ, ಇಲ್ಲಿ ಕೀಳಬಾರದಾ? ಬೇರೆ ಸಾಲಲ್ಲಿ ಕೀಳ್ಲಾ?"

ಒಂದು ಮಾತು. ಒಂದೇ ಒಂದು ಮಾತು ಸಾಕಿತ್ತು.

"ಬೇರೆ ಸಾಲು ಯಾಕೆ? ಅದು ಬರೀ ತೂಕದ ಮಣೆ, ಹಣ್ಣು ಕಿತ್ತರೆ ಅದಕ್ಕೇನು ಹೊಟ್ಟೆನೋವಾ?" ಅಂದಳು ಯಜಮಾನಿ. "ಯಾವಾಗಲೂ ಕೀಳೋ ಕಡೆ ಕೀಳಿ. ಅವೇ ರುಚಿ."

ಗಂಡ ತಲೆಯಾಡಿಸಿ ಹೋದ. ಮೂವತ್ತೈದು ವರ್ಷದ ಸಂಸಾರದಲ್ಲಿ ಟೊಮೆಟೊ ವಿಷಯದಲ್ಲಿ ಅವಳ ಮಾತಿಗೆ ಅವನು ಎದುರು ಹೇಳಿದ್ದೇ ಇಲ್ಲ.

ನಾಲ್ಕನೆಯ ವಾರ ಅಳಿಯನ ಸಾಲಿನ ಹಣ್ಣು ತೊಟ್ಟಿನ ಸುತ್ತ ಒಡೆಯತೊಡಗಿತು. ಮಗಳು ಶೆಡ್ಡಿನಿಂದ ಎರಡು ಪೆಟ್ಟಿಗೆ ವಾಪಸು ಹೊತ್ತು ತಂದು ಅಡುಗೆಮನೆಯಲ್ಲಿ ದಡ್ಡೆಂದು ಇಟ್ಟಳು.

"ನನ್ನ ಕೈಯಾರೆ ನನ್ನ ಮನೆ ಹಣ್ಣನ್ನೇ ತಿರಸ್ಕರಿಸಿದೆ. ಎಲ್ಲರೂ ನೋಡ್ತಿದ್ರು. ನಾಚಿಕೆ ಆಗಲ್ವಾ ನಿಮಗೆ?" ಎಂದು ತನ್ನ ಗಂಡನನ್ನು ತರಾಟೆಗೆ ತೆಗೆದುಕೊಂಡಳು.

"ನೀರು ಜಾಸ್ತಿ ಆಗ್ತಿದೆ. ಆದ್ರೆ ಗಿಡ ಕುಡೀತಿದೆ ಅಂತ ಮಣೆ ಹೇಳ್ತಿದೆ. ಎಲೆ ಲೆಕ್ಕ ತಪ್ಪಿರಬೇಕು."

"ಎಲೆ ಲೆಕ್ಕ, ಕಾಂಡದ ಲೆಕ್ಕ! ಓವನ್ನಲ್ಲಿ ಹಾಕಿ ಹಾಕಿ ಒಣಗಿಸಿದ್ದೆಲ್ಲ ಏನಾಯ್ತು?"

"ಆ ಆರು ಗಿಡದಲ್ಲಿ ಫಸಲೂ ಕಮ್ಮಿ ಬರ್ತಿದೆ. ಬೆಳವಣಿಗೆಯ ಲೆಕ್ಕದಲ್ಲೇ ಎಲ್ಲೋ ದೋಷ ಇದೆ. ಇನ್ನೊಂದು ವಾರ ಕೊಡು."

"ಅಳಿಯಂದಿರಿಗೆ ಎರಡು ವಾರ ಕೊಡೋಣ ಬಿಡು," ಎಂದು ಯಜಮಾನಿ ಜೇನಿನಂಥ ದನಿಯಲ್ಲಿ ಹೇಳಿದಳು. "ಓದಿದವರು. ಅವರಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಿರುತ್ತಾ?"

ಒಡೆದ ಹಣ್ಣನ್ನೆಲ್ಲ ಗಂಡ ಸೂಪು ಮಾಡಿದ. ನಾಲ್ಕು ದಿನ ಅದೇ ಸೂಪು. ಅಳಿಯ ತಲೆ ತಗ್ಗಿಸಿ ತಿಂದ. ಯಜಮಾನಿ ಎರಡೆರಡು ಸಲ ಬಡಿಸಿಕೊಂಡಳು.

ಐದನೆಯ ವಾರ ಆ ಸಂತೋಷಕ್ಕೂ ಕಲ್ಲು ಬಿತ್ತು. ಅಳಿಯನ ಸಾಲುಗಳಲ್ಲಿ ಎಲೆ ಹಳದಿಯಾಗಿ, ಬಿಸಿಲೇರುವ ಮೊದಲೇ ಗಿಡ ಜೋತುಬೀಳತೊಡಗಿತು. ಯಜಮಾನಿ ಯಾರೂ ಇಲ್ಲದಾಗ ಹೋಗಿ ನಾಲ್ಕನೆಯ ಸಾಲಿನ ಚೀಲದ ಅಂಚು ಎತ್ತಿದಳು. ಅದು ಏಳಲೇ ಇಲ್ಲ. ಒದ್ದೆ ಹಾಸಿಗೆಯಷ್ಟು ಭಾರ. ಒಂದು ಮೂಲೆ ಕೊಯ್ದು ನೋಡಿದರೆ ಬೆಳ್ಳಗಿರಬೇಕಾದ ಬೇರು ಕಂದು ಬಣ್ಣಕ್ಕೆ ತಿರುಗಿ, ಎಳೆದರೆ ಸಿಪ್ಪೆ ಕಳಚಿ ಬರುತ್ತಿತ್ತು. ಕೊಳೆತ ನಾತ. ಇವು ತನ್ನ ಸಸಿಗಳು. ಎರಡೆಲೆ ಒಡೆದ ದಿನದಿಂದ ಸಾಕಿದ್ದು.

ಮೂರು ಮತ್ತು ನಾಲ್ಕನೆಯ ಸಾಲನ್ನು ಪೂರ್ತಿ ಕಿತ್ತುಹಾಕಬೇಕಾಯಿತು, ಇಲ್ಲವಾದರೆ ರೋಗ ಅವಳ ಸಾಲಿಗೂ ಹಬ್ಬುವುದಿತ್ತು. ಇನ್ನೂರು ಗಿಡ. ಅಳಿಯ ಒಂದೊಂದನ್ನೂ ಕತ್ತರಿಸಿ ತಳ್ಳುಗಾಡಿಗೆ ಹಾಕಿದ.

"ಅತ್ತೆ, ನಿಮ್ಮ ಕೈಗೆ ಏನು ಅನ್ನಿಸುತ್ತೆ? ಎಲ್ಲಿ ತಪ್ಪಾಗ್ತಿದೆ?" ಎಂದು ಅವನು ಕೇಳಿದ. ಆ ಮನೆಗೆ ಬಂದಾಗಿನಿಂದ ಮೊದಲ ಸಲ ಕೇಳಿದ್ದು.

ನಾಲಿಗೆಯ ತುದಿಗೆ ಬಂತು. ಯಜಮಾನಿ ಅದನ್ನು ನುಂಗಿಕೊಂಡಳು. ಈಗ ಹೇಳಿದರೆ ಯಾವಾಗ ಗೊತ್ತಾಯಿತು ಎಂದು ಕೇಳುತ್ತಾರಲ್ಲ? "ನನ್ನ ಕೈ ಸುದ್ದಿ ನಿಮಗ್ಯಾಕೆ? ನಿಮ್ಮ ಮಣೇನೇ ಕೇಳಿ," ಎಂದು ಹೇಳಿ ಹೊರಟುಹೋದಳು.

ಅಳಿಯ ಮಣೆಯನ್ನೇ ಕೇಳಿದ.

ಎರಡು ದಿನ ಬಿಟ್ಟು, ಮಧ್ಯಾಹ್ನದ ಊಟಕ್ಕೆ ನಾಲ್ವರೂ ಕೂತಿದ್ದರು. ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಹೆಚ್ಚಿದ ಟೊಮೆಟೊ. ಅಳಿಯ ತಟ್ಟೆ ಸರಿಸಿ, ಮಣೆಯ ತೂಕ ಏರಿಳಿದದ್ದನ್ನು ಗೆರೆಯಲ್ಲಿ ಬರೆದ ಒಂದು ಹಾಳೆ ಹರವಿದ.

"ನನ್ನದೂ ತಪ್ಪಿದೆ. ಇಷ್ಟು ದಿನ ದಿನದ ಮೊತ್ತ ನೋಡ್ತಿದ್ದೆ, ನಿಮಿಷ ನಿಮಿಷದ್ದು ನೋಡ್ಲಿಲ್ಲ. ಗಿಡ ನೀರು ಕುಡಿದ್ರೆ ತೂಕ ಮೆಲ್ಲಗೆ ಇಳಿಯುತ್ತೆ, ಇಳಿಜಾರಿನ ಹಾಗೆ. ಇಲ್ಲಿ ನೋಡಿ. ದಿನಾ ಹತ್ತೂ ಮುಕ್ಕಾಲಿಗೆ ನಾಲ್ಕು ಮೆಟ್ಟಿಲು. ಮೋಡ ಇದ್ರೂ ನಾಲ್ಕು ಮೆಟ್ಟಿಲು. ಯಾವ ಗಿಡಾನೂ ಒಂದೇ ನಿಮಿಷಕ್ಕೆ ಅರ್ಧ ಲೀಟರ್ ಕುಡಿಯಲ್ಲ."

ಗಂಡ ಹಾಳೆಯನ್ನು ನೋಡಿದ. ತಟ್ಟೆಯಲ್ಲಿದ್ದ ಟೊಮೆಟೊ ನೋಡಿದ.

"ಅಯ್ಯೋ, ಅದು ನಾನಪ್ಪಾ! ಅಡುಗೆಗೆ ದಿನಾ ನಾಲ್ಕು ಕೀಳ್ತೀನಲ್ಲ. ಬಾಗಿಲ ಪಕ್ಕದ್ದು ಯಾವತ್ತೂ ಅಡುಗೆಮನೇದು." ಅವನ ಮುಖ ಬಿಳಿಚಿತು. "ಇನ್ನೂರು ಗಿಡ ನನ್ನಿಂದ ಹೋಯ್ತಾ?"

"ನಿಮಗೆ ಗೊತ್ತಿರಲಿಲ್ಲ ಮಾವ. ನಾನೂ ಹೇಳಿರಲಿಲ್ಲ."

"ಇಲ್ಲ ಇಲ್ಲ, ನನಗೆ ಅನುಮಾನ ಬಂದಿತ್ತು. ಅವತ್ತೇ ಕೇಳಿದೆ. ಏನೇ, ನಿನ್ನನ್ನೇ ಕೇಳಿದ್ನಲ್ಲ? ಬೇರೆ ಸಾಲಲ್ಲಿ ಕೀಳ್ಲಾ ಅಂತ. ನೀನು ಅಲ್ಲೇ ನಿಂತು ಅಂಕಿ ಇಳಿಯೋದನ್ನ ನೋಡ್ತಾ..."

ಅವನ ಕಣ್ಣು ಹೆಂಡತಿಯ ಮುಖದಲ್ಲಿ ಏನನ್ನೋ ಹುಡುಕಿ, ಅದು ಸಿಕ್ಕಿ, ಕೆಳಗಿಳಿಯಿತು.

"ಅಮ್ಮ," ಅಂದಳು ಮಗಳು. "ನಿನಗೆ ಗೊತ್ತಿತ್ತಾ?"

ಇಲ್ಲ ಎನ್ನಬಹುದಿತ್ತು. ಆದರೆ ಹಿಟ್ಟಿನ ಉಂಡೆಯನ್ನು ನಾಲ್ಕು ಗ್ರಾಮಿನೊಳಗೆ ತೂಗಿದವಳಿಗೆ ಅರ್ಧ ಕಿಲೋ ಹಣ್ಣು ತಿಳಿಯಲಿಲ್ಲ ಎಂದರೆ ಯಾರು ನಂಬುತ್ತಾರೆ?

"ಗೊತ್ತಿತ್ತು. ಏನೀಗ?"

"ಎಷ್ಟು ದಿನದಿಂದ?"

"ಇಪ್ಪತ್ತೆರಡು," ಅಂದಳು ಯಜಮಾನಿ. ಅವಳು ದಿನ ಎಣಿಸಿಟ್ಟಿದ್ದಳು ಎಂಬುದು ಆಗ ಎಲ್ಲರಿಗೂ ತಿಳಿಯಿತು.

"ಆ ಗಿಡ ಸಾಯೋದನ್ನ ಇಪ್ಪತ್ತೆರಡು ದಿನ ನೋಡ್ಕೊಂಡು ಕೂತಿದ್ದೆ! ಇವರು ತಲೆ ತಲೆ ಚಚ್ಕೋತಿದ್ರು, ನಾನು ಇವರನ್ನ ನಾಯಿಗೆ ಬೈದ ಹಾಗೆ ಬೈದೆ, ನೀನು ಎರಡೆರಡು ಸಲ ಸೂಪು ಬಡಿಸ್ಕೊಂಡೆ!"

"ಬಡಿಸ್ಕೊಂಡೆ. ನನ್ನ ಪಾಲಿಹೌಸಿಂದ ನನ್ನನ್ನೇ ಓಡಿಸೋಕೆ ನಿಂತವರಿಗೆ ನಾನು ದಾರಿ ತೋರಿಸಬೇಕಿತ್ತಾ? ತಗೋ!" ಯಜಮಾನಿ ಕೊರಳ ದಾರ ಎಳೆದು ಕಿತ್ತು, ಕೀಯನ್ನು ಅಳಿಯನ ತಟ್ಟೆಯ ಪಕ್ಕಕ್ಕೆ ಎಸೆದಳು. "ಇದಕ್ಕೇ ಅಲ್ವಾ ಬಾಯಿ ಬಿಟ್ಕೊಂಡು ಕಾಯ್ತಿದ್ದಿದ್ದು? ತಗೊಳ್ಳಿ ಅಳಿಯಂದಿರೇ, ತಗೊಳ್ಳಿ!"

ಅಳಿಯ ಮುಟ್ಟಲಿಲ್ಲ. "ಅವತ್ತು ತಳ್ಳುಗಾಡಿ ಹತ್ರ ನಾನು ನಿಮ್ಮನ್ನ ಕೇಳಿದೆ ಅತ್ತೆ," ಎಂದಷ್ಟೇ ಹೇಳಿದ. ದನಿ ಈ ಸಲ ತಣ್ಣಗಿರಲಿಲ್ಲ.

ಮಗಳು ಕೀ ಎತ್ತಿಕೊಂಡು ತನ್ನ ಜೇಬಿಗೆ ಹಾಕಿಕೊಂಡಳು. "ಇನ್ಮೇಲೆ ಇದು ನನ್ನ ಹತ್ರ. ಚೀಲ ಎತ್ತಿ ನೋಡೋಕೆ ಬೆಳಿಗ್ಗೆ ಬಾ, ಬೇಡ ಅನ್ನಲ್ಲ. ಏನು ಅನ್ನಿಸಿತು ಅಂತ ಇವರಿಗೆ ಹೇಳಬೇಕು. ನೀರು ಬಿಡೋದು ಮಾತ್ರ ನಾನು."

ಗಂಡ ಎದ್ದ. ಹೆಚ್ಚಿದ ಟೊಮೆಟೊ ತಟ್ಟೆಯನ್ನು ತೆಗೆದುಕೊಂಡು ಹೋಗಿ ಕಸದ ಡಬ್ಬಿಗೆ ಸುರಿದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

ಸಂಜೆ ಯಜಮಾನಿ ಅಡುಗೆಮನೆಗೆ ಬಂದಾಗ ಅವನು ಒಲೆಯ ಮುಂದೆ ನಿಂತಿದ್ದ. ಮೇಜಿನ ಮೇಲೊಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಟೊಮೆಟೊ. ಬೀದಿ ಕೊನೆಯ ಅಂಗಡಿಯದು. ಇಪ್ಪತ್ತು ವರ್ಷದಲ್ಲಿ ಆ ಮನೆಯ ಹೊಸ್ತಿಲೊಳಗೆ ದುಡ್ಡು ಕೊಟ್ಟ ಟೊಮೆಟೊ ಬಂದಿರಲಿಲ್ಲ.

"ಇದ್ಯಾಕೆ ತಂದ್ರಿ?"

"ಅಡುಗೆಗೆ." ಅವನು ತಿರುಗಲಿಲ್ಲ. "ನಿನ್ನ ಗಿಡ ನಾನಿನ್ನು ಮುಟ್ಟಲ್ಲ."

"ನಿಮಗೇನು ಅಂದೆ ನಾನು? ನಮ್ಮಿಬ್ಬರ ನಡುವೆ ಏನಿತ್ತು? ಜಗಳ ಇದ್ದದ್ದು ಅವನ ಜೊತೆ."

ಅವನು ಈರುಳ್ಳಿ ಹೆಚ್ಚುತ್ತಲೇ ಇದ್ದ. ಏನು ಮಾಡಬೇಕೆಂದು ತೋಚದೆ ಯಜಮಾನಿ ಚೀಲಕ್ಕೆ ಎರಡು ಬೆರಳು ಕೊಟ್ಟು ಎತ್ತಿದಳು. ಅವಳು ಕೇಳದಿದ್ದರೂ ಕೈ ತನ್ನ ಕೆಲಸ ಮಾಡಿತು.

"ಎಷ್ಟು ತಂದ್ರಿ?"

"ಒಂದು ಕಿಲೋ."

"ಒಂದು ಕಿಲೋ ಇಲ್ಲ ಇದು. ಅರವತ್ತು ಗ್ರಾಂ ಕಮ್ಮಿ ಇದೆ. ನಿಮಗೆ ಮೋಸ ಮಾಡಿದ್ದಾನೆ ರೀ."

ಗಂಡ ಬಂದು ಅವಳ ಕೈಯಿಂದ ಚೀಲ ತೆಗೆದುಕೊಂಡ. ಹಣ್ಣುಗಳನ್ನು ಒಂದೊಂದಾಗಿ ತೊಳೆಯುವ ಪಾತ್ರೆಗೆ ಹಾಕಿದ.

"ಇರಬಹುದು. ಅವನು ಅರವತ್ತು ಗ್ರಾಂ ಮೋಸ ತಾನೇ ಮಾಡಿದ್ದು," ಅಂದು ನಲ್ಲಿ ತಿರುಗಿಸಿದ.

ಯಜಮಾನಿ ಕುರ್ಚಿ ಎಳೆದುಕೊಂಡು ಕೂತಳು. ನೀರು ಬೀಳುತ್ತಲೇ ಇತ್ತು. ಪಾತ್ರೆ ತುಂಬಿ ಹೊರಗೆ ಹರಿದರೂ ಅವನು ನಲ್ಲಿ ನಿಲ್ಲಿಸಲಿಲ್ಲ, ನಿಲ್ಲಿಸಿ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ.